ಏರಿಸಿದ ಬಾಡಿಗೆ ಕೊಡುವುದಿಲ್ಲ: 1915ರಲ್ಲಿ ಗ್ಲಾಸ್ಗೋದ ಹೆಂಗಸರು ಒಂದು ಕಾಯ್ದೆ ತರಿಸಿದ ಬಗೆ

2022ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್‌ಲೆಂಡ್ ಸರ್ಕಾರ ಮನೆ ಬಾಡಿಗೆಗೆ ತಡೆ ಹಾಕಿತು. ಆಗಲೇ ಬಾಡಿಗೆಗಿದ್ದವರಿಗೆ ಓನರ್‌ಗಳು ಬಾಡಿಗೆ ಏರಿಸುವಂತಿರಲಿಲ್ಲ. ಮುಂದಿನ ಏಪ್ರಿಲ್‌ನಿಂದ ಶೇ. 3ರವರೆಗೆ ಮಾತ್ರ ಏರಿಸಬಹುದು ಎಂದಾಯಿತು. ಆ ತಡೆ 2024ರ ಮಾರ್ಚ್ ಕೊನೆಯವರೆಗೆ ಇತ್ತು. ಓದಲು, ಕೆಲಸ ಮಾಡಲು ಎಡಿನ್‌ಬರೋ, ಗ್ಲಾಸ್ಗೋ ಊರುಗಳಿಗೆ ಹೋಗಿ ಬಾಡಿಗೆ ಮನೆ ಹಿಡಿದಿದ್ದ ನಮ್ಮವರಿಗೂ ಇದರಿಂದ ಉಸಿರಾಡುವಂತಾಯಿತು.

ಇಂಥ ಕಾಯ್ದೆ ಸ್ಕಾಟ್‌ಲೆಂಡಿನವರಿಗೆ ಹೊಸದಲ್ಲ. ಅಲ್ಲಿ ಬಾಡಿಗೆಯ ಮಾತು ಬಂದರೆ ಮೇರಿ ಬಾರ್ಬರ್ ಎಂಬ ಹೆಸರೂ ಜೊತೆಗೇ ಬರುತ್ತದೆ. ಈಕೆ ಮಂತ್ರಿಯಲ್ಲ, ವಕೀಲೆಯಲ್ಲ. ಗ್ಲಾಸ್ಗೋದ ಗೋವನ್ ಎಂಬ ಬಡಾವಣೆಯ ಒಬ್ಬ ಗೃಹಿಣಿ. 1915ರಲ್ಲಿ ಈಕೆ ಮತ್ತು ಅಕ್ಕಪಕ್ಕದ ಹೆಂಗಸರು ಸೇರಿ ಏರಿಸಿದ ಬಾಡಿಗೆ ಕೊಡುವುದಿಲ್ಲ ಎಂದು ನಿಂತರು. ಏಳೆಂಟು ತಿಂಗಳಲ್ಲಿ ಲಂಡನ್ನಿನ ಪಾರ್ಲಿಮೆಂಟು ಇಡೀ ಬ್ರಿಟನ್ನಿಗೆ ಬಾಡಿಗೆ ನಿಯಂತ್ರಣ ಕಾಯ್ದೆ ಮಾಡಬೇಕಾಯಿತು. ಆಗ ಆ ಹೆಂಗಸರಲ್ಲಿ ಒಬ್ಬರಿಗೂ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟು ಇರಲಿಲ್ಲ.

ಇದು ಹೇಗೆ ಸಾಧ್ಯವಾಯಿತು? ಉತ್ತರ ಸಿಗಬೇಕಾದರೆ ಮೊದಲು ಆ ಊರನ್ನೂ ಅಲ್ಲಿನ ಮನೆಗಳನ್ನೂ ನೋಡಬೇಕು.

ಹಡಗು ಕಟ್ಟುವ ಊರು

ಗ್ಲಾಸ್ಗೋ ಕ್ಲೈಡ್ ನದಿಯ ದಡದಲ್ಲಿದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಈ ನದಿಯ ಎರಡೂ ದಂಡೆಗಳಲ್ಲಿ ಹಡಗು ಕಟ್ಟುವ ಕಾರ್ಖಾನೆಗಳು ಸಾಲಾಗಿದ್ದವು. ಜಗತ್ತಿನಲ್ಲಿ ನೀರಿಗಿಳಿಯುತ್ತಿದ್ದ ಹಡಗುಗಳ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಈ ಒಂದೇ ನದಿಯಿಂದ ಬರುತ್ತಿತ್ತು. ಮುಂದೆ ಯುದ್ಧದಲ್ಲಿ ಜರ್ಮನ್ನರು ಮುಳುಗಿಸಿದ ಪ್ರಸಿದ್ಧ ಲುಸಿಟಾನಿಯಾ ಹಡಗು 1906ರಲ್ಲಿ ನೀರಿಗಿಳಿದದ್ದು ಇಲ್ಲಿನ ಕ್ಲೈಡ್‌ಬ್ಯಾಂಕ್‌ನಲ್ಲೇ. ರೈಲು ಎಂಜಿನ್, ಉಕ್ಕು, ಯಂತ್ರ ಎಲ್ಲವೂ ಇಲ್ಲಿ ತಯಾರಾಗುತ್ತಿದ್ದವು. ಬ್ರಿಟಿಷ್ ಸಾಮ್ರಾಜ್ಯದ ಎರಡನೇ ನಗರ ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಗೋವನ್ ಇರುವುದು ನದಿಯ ದಕ್ಷಿಣ ದಂಡೆಯಲ್ಲಿ. ಅದರ ಎದುರು ದಂಡೆಯಲ್ಲಿ ಪಾರ್ಟಿಕ್. ಎರಡೂ ಮೊದಲು ಬೇರೆ ಬೇರೆ ಪುರಸಭೆಗಳು, 1912ರಲ್ಲಿ ಗ್ಲಾಸ್ಗೋಗೆ ಸೇರಿದವು. ಫೇರ್‌ಫೀಲ್ಡ್ ಎಂಬ ದೊಡ್ಡ ಹಡಗುಕಟ್ಟೆ ಇದ್ದದ್ದು ಗೋವನ್‌ನಲ್ಲಿ. ಗಂಡಸರು ಬೆಳಿಗ್ಗೆ ಎದ್ದು ನಡೆದೇ ಕೆಲಸಕ್ಕೆ ಹೋಗುವಷ್ಟು ಹತ್ತಿರದಲ್ಲಿ ಮನೆಗಳಿದ್ದವು. ಸಾವಿರಾರು ಕುಟುಂಬಗಳು ಒಂದೇ ಕೆಲಸ, ಒಂದೇ ಬೀದಿ, ಒಂದೇ ಅಂಗಡಿ ನಂಬಿ ಬದುಕುತ್ತಿದ್ದವು. ಈ ಸಾಮೀಪ್ಯವೇ ಮುಂದೆ ಕೆಲಸಕ್ಕೆ ಬಂತು.

ಕಲ್ಲಿನ ವಠಾರಗಳು

ಗ್ಲಾಸ್ಗೋದ ಕೆಲಸಗಾರರು ಇದ್ದದ್ದು ಟೆನೆಮೆಂಟ್ ಎಂಬ ಕಟ್ಟಡಗಳಲ್ಲಿ. ನಮ್ಮ ಬೆಂಗಳೂರು, ಮೈಸೂರಿನ ಹಳೆಯ ವಠಾರಗಳು ಗೊತ್ತಲ್ವಾ? ಅವನ್ನು ಒಂದರ ಮೇಲೊಂದು ಪೇರಿಸಿದರೆ ಹೇಗಿರುತ್ತದೋ ಹಾಗೆ. ಮೂರು ನಾಲ್ಕು ಮಹಡಿಯ ಮರಳುಕಲ್ಲಿನ ಕಟ್ಟಡ. ಬೀದಿಯಿಂದ ಒಳಕ್ಕೆ ಹೋಗಲು ಒಂದು ಇಕ್ಕಟ್ಟಾದ ಹಾದಿ. ಅದನ್ನು ಅಲ್ಲಿನವರು ಕ್ಲೋಸ್ ಎನ್ನುತ್ತಿದ್ದರು. ಆ ಹಾದಿಯ ಕೊನೆಗೆ ಎಲ್ಲರಿಗೂ ಸೇರಿದ ಕಲ್ಲಿನ ಮೆಟ್ಟಿಲು. ಪ್ರತಿ ಮಹಡಿಯಲ್ಲೂ ಎರಡು ಮೂರು ನಾಲ್ಕು ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದೊಂದು ಸಂಸಾರ.

ಮನೆ ಎಂದರೆ ಬಹಳ ಜನರಿಗೆ ಒಂದೇ ಕೋಣೆ. ಅದಕ್ಕೆ ಸಿಂಗಲ್ ಎಂಡ್ ಎಂದು ಹೆಸರು. ಸ್ವಲ್ಪ ಅನುಕೂಲಸ್ಥರಿಗೆ ಅಡುಗೆಮನೆಯ ಜೊತೆ ಇನ್ನೊಂದು ಕೋಣೆ. ಅಡುಗೆಮನೆಯ ಗೋಡೆಯಲ್ಲೇ ಗೂಡಿನ ಹಾಗೆ ಒಂದು ಜಾಗ ಬಿಟ್ಟು, ಅದರಲ್ಲಿ ಹಾಸಿಗೆ ಹಾಕುತ್ತಿದ್ದರು. ಆ ಹಾಸಿಗೆಯ ಕೆಳಗೆ ಗಾಲಿ ಇರುವ ಇನ್ನೊಂದು ಮಂಚ. ರಾತ್ರಿಯಾದರೆ ಅದನ್ನು ಹೊರಗೆಳೆದು ಮಕ್ಕಳನ್ನು ಮಲಗಿಸುವುದು, ಬೆಳಗಾದರೆ ಒಳಕ್ಕೆ ತಳ್ಳುವುದು. ಶೌಚಾಲಯ ಮೆಟ್ಟಿಲ ಬಳಿ, ಹಲವು ಮನೆಗಳಿಗೆ ಒಂದು. ಹಿತ್ತಲಲ್ಲಿ ಬಟ್ಟೆ ಒಗೆಯುವ ಮನೆ. ಅದನ್ನು ಒಬ್ಬೊಬ್ಬರು ಒಂದೊಂದು ದಿನ ಸರದಿಯ ಮೇಲೆ ಬಳಸಬೇಕು.

ಅಂಕಿಗಳನ್ನು ನೋಡಿದರೆ ಇಕ್ಕಟ್ಟು ಎಷ್ಟಿತ್ತು ಎಂದು ತಿಳಿಯುತ್ತದೆ. 1911ರ ಜನಗಣತಿಯ ಪ್ರಕಾರ ಸ್ಕಾಟ್‌ಲೆಂಡಿನ ಶೇ. 48ರಷ್ಟು ಜನ ಒಂದು ಅಥವಾ ಎರಡು ಕೋಣೆಯ ಮನೆಯಲ್ಲಿದ್ದರು. ಪಕ್ಕದ ಇಂಗ್ಲೆಂಡಿನಲ್ಲಿ ಅಂಥವರು ಶೇ. 7ರಷ್ಟು ಮಾತ್ರ. ಗ್ಲಾಸ್ಗೋದಲ್ಲಂತೂ ಅರ್ಧಕ್ಕಿಂತ ಎಷ್ಟೋ ಜಾಸ್ತಿ.

ಇನ್ನೊಂದು ಸಂಗತಿ ಹೇಳಲೇಬೇಕು. ಗ್ಲಾಸ್ಗೋದ ಪುಟ್ಟ ಮನೆಗಳ ಬಾಗಿಲಿಗೆ ನಗರಸಭೆಯವರು ತಗಡಿನ ಬಿಲ್ಲೆ ಹೊಡೆದಿರುತ್ತಿದ್ದರು. ಮನೆಯೊಳಗೆ ಎಷ್ಟು ಘನ ಅಡಿ ಗಾಳಿ ಇದೆ, ಎಷ್ಟು ಜನ ಮಲಗಬಹುದು ಎಂದು ಅದರಲ್ಲಿ ಬರೆದಿರುತ್ತಿತ್ತು. ಲೆಕ್ಕಕ್ಕಿಂತ ಜಾಸ್ತಿ ಜನ ಇದ್ದಾರೆಯೇ ಎಂದು ನೋಡಲು ಇನ್ಸ್‌ಪೆಕ್ಟರ್‌ಗಳು ನಡುರಾತ್ರಿ ಬಂದು ಬಾಗಿಲು ತಟ್ಟುತ್ತಿದ್ದರು. ರೋಗ ಹರಡದಿರಲಿ ಎಂಬುದು ಉದ್ದೇಶ. ಆದರೆ ಹಾಸಿಗೆಯಿಂದ ಎಬ್ಬಿಸಿ ತಲೆ ಎಣಿಸಿದರೆ ಆ ಮನೆಯ ತಾಯಿಗೆ ಹೇಗಾಗಿರಬೇಡ? ಈ ಜನ ಅಧಿಕಾರಿಗಳು ಬಾಗಿಲು ತಟ್ಟುವುದನ್ನು ಎರಡು ಮೂರು ತಲೆಮಾರಿನಿಂದ ಸಹಿಸಿಕೊಂಡು ಬಂದವರು.

ಫ್ಯಾಕ್ಟರ್ ಎಂದರೆ ಯಾರು?

ಬಾಡಿಗೆದಾರರು ಮನೆಯ ಮಾಲೀಕನ ಮುಖ ನೋಡುತ್ತಿದ್ದದ್ದು ಅಪರೂಪ. ಮಧ್ಯದಲ್ಲಿ ಫ್ಯಾಕ್ಟರ್ ಇರುತ್ತಿದ್ದ. ಮಾಲೀಕನ ಪರವಾಗಿ ಬಾಡಿಗೆ ವಸೂಲಿ, ರಿಪೇರಿ, ಮನೆ ಕೊಡುವುದು, ಬಿಡಿಸುವುದು ಎಲ್ಲ ಅವನದೇ. ನಮ್ಮ ಕಡೆ ಹಿಂದೆ ಜಮೀನು ನೋಡಿಕೊಳ್ಳಲು ಪಾರುಪತ್ಯಗಾರ ಇರುತ್ತಿದ್ದನಲ್ಲ, ಹಾಗೆ. ಒಬ್ಬೊಬ್ಬ ಫ್ಯಾಕ್ಟರ್ ಕೈಯಲ್ಲಿ ನೂರಾರು ಮನೆಗಳು. ಆದ್ದರಿಂದ ಜನರ ಸಿಟ್ಟೆಲ್ಲ ಮಾಲೀಕನ ಮೇಲೆ ಹೋಗದೆ ಅವನ ಮೇಲೆ ಹೋಗುತ್ತಿತ್ತು.

ಮಾಲೀಕರೆಲ್ಲ ದೊಡ್ಡ ಸಾಹುಕಾರರೂ ಅಲ್ಲ. ಅಂಗಡಿಯವರು, ಸಣ್ಣ ವ್ಯಾಪಾರಿಗಳು, ಗಂಡ ಬಿಟ್ಟುಹೋದ ಆಸ್ತಿಯ ಬಾಡಿಗೆಯಲ್ಲಿ ಜೀವನ ಮಾಡುತ್ತಿದ್ದ ವಿಧವೆಯರು ಅವರಲ್ಲಿ ಬಹಳ. ಕಟ್ಟಡದ ಮೇಲೆ ಸಾಲ ತೆಗೆದಿರುತ್ತಿದ್ದರು. ಸಾಲದ ಬಡ್ಡಿ ಏರಿದರೆ ಅದನ್ನು ಬಾಡಿಗೆಯಲ್ಲಿ ಸೇರಿಸುವುದು ಅವರ ಲೆಕ್ಕ. ಈ ಬಡ್ಡಿಯ ವಿಷಯ ನೆನಪಿಟ್ಟುಕೊಳ್ಳಿ, ಕಾಯ್ದೆಯಲ್ಲಿ ಮತ್ತೆ ಬರುತ್ತದೆ.

ಬಾಡಿಗೆ ಕರಾರು ಮೊದಲು ವರ್ಷಕ್ಕೊಮ್ಮೆ ಆಗುತ್ತಿತ್ತು. ಮೇ 28 ಬಂತೆಂದರೆ ಊರೆಲ್ಲ ಗಾಡಿಗಳ ಮೇಲೆ ಸಾಮಾನು ಹೇರಿಕೊಂಡು ಮನೆ ಬದಲಾಯಿಸುತ್ತಿತ್ತು. ಕೆಲಸ ಇವತ್ತು ಇದೆ, ನಾಳೆ ಇಲ್ಲ ಎಂಬ ಜನರಿಗೆ ವರ್ಷದ ಕರಾರು ಕಷ್ಟ. ಅವರ ಒತ್ತಾಯದಿಂದ 1911ರಲ್ಲಿ ಸಣ್ಣ ಮನೆಗಳಿಗೆ ತಿಂಗಳ ಲೆಕ್ಕದ ಕರಾರು ಬಂತು. ಇದರಿಂದ ಅನುಕೂಲವೇನೋ ಆಯಿತು, ಆದರೆ ಒಂದು ತೊಡಕೂ ಸೇರಿಕೊಂಡಿತು. ವರ್ಷದ ಕರಾರಿನಲ್ಲಿ ನಡುವೆ ಬಾಡಿಗೆ ಏರಿಸಲು ಆಗುತ್ತಿರಲಿಲ್ಲ. ತಿಂಗಳ ಕರಾರಿನಲ್ಲಿ ಯಾವಾಗ ಬೇಕಾದರೂ ಏರಿಸಬಹುದು, ಬೇಗ ಬಿಡಿಸಲೂಬಹುದು.

ಯುದ್ಧ ಬಂತು, ಬಾಡಿಗೆ ಏರಿತು

1914ರ ಆಗಸ್ಟ್‌ನಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಅಲ್ಲಿಯವರೆಗೆ ಗ್ಲಾಸ್ಗೋದಲ್ಲಿ ಖಾಲಿ ಮನೆಗಳು ಸಾಕಷ್ಟಿದ್ದವು. ಯುದ್ಧ ಶುರುವಾದ ಮೇಲೆ ಯುದ್ಧನೌಕೆ, ಗುಂಡು, ಫಿರಂಗಿ ಮಾಡಲು ಸಾವಿರಾರು ಕೆಲಸಗಾರರು ಹೊರಗಿನಿಂದ ಬಂದರು. ಅವರಿಗೆಲ್ಲ ಹಡಗುಕಟ್ಟೆಗಳ ಹತ್ತಿರವೇ ಮನೆ ಬೇಕು. ಅತ್ತ ಹೊಸ ಮನೆ ಕಟ್ಟುವ ಕೆಲಸ ನಿಂತಿತು. ಮರ, ಕಬ್ಬಿಣ, ಆಳು ಎಲ್ಲವೂ ಯುದ್ಧಕ್ಕೆ ಹೋಯಿತು.

ಬೇಕೆನ್ನುವವರು ಹೆಚ್ಚಾದರು, ಮನೆ ಅಷ್ಟೇ ಉಳಿಯಿತು. ಆಗ ಏನಾಗುತ್ತದೆ ಎಂದು ಹಬ್ಬದ ಹಿಂದಿನ ದಿನ ಹೂವಿನ ಮಾರ್ಕೆಟ್ಟಿಗೆ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಇದರ ಜೊತೆ ಬಡ್ಡಿಯೂ ಏರಿತು. ಸರ್ಕಾರ ಯುದ್ಧಕ್ಕಾಗಿ ಸಾಲ ಎತ್ತಿ ಒಳ್ಳೆಯ ಬಡ್ಡಿ ಕೊಡತೊಡಗಿದಾಗ, ಮನೆಯ ಮೇಲೆ ಸಾಲ ಕೊಟ್ಟವರೂ ಜಾಸ್ತಿ ಬಡ್ಡಿ ಕೇಳಿದರು. ಮಾಲೀಕರು ಅದನ್ನು ಬಾಡಿಗೆದಾರರ ತಲೆಗೆ ದಾಟಿಸಿದರು. ಕೆಲವು ಕಡೆ ಬಾಡಿಗೆ ಶೇ. 25ರವರೆಗೂ ಏರಿತು. ಆಹಾರದ ಬೆಲೆ ಬೇರೆ ದಿನದಿನಕ್ಕೆ ಏರುತ್ತಿತ್ತು.

ಎಲ್ಲಕ್ಕಿಂತ ಜನರ ಮನಸ್ಸು ಕೆಡಿಸಿದ್ದು ಬೇರೆ. ಮನೆಯ ಗಂಡಸು ಸೈನ್ಯ ಸೇರಿ ಫ್ರಾನ್ಸಿಗೆ ಹೋಗಿದ್ದಾನೆ. ಹೆಂಡತಿ ಸರ್ಕಾರ ಕೊಡುವ ಭತ್ಯೆಯಲ್ಲಿ ಮಕ್ಕಳನ್ನು ಸಾಕುತ್ತಿದ್ದಾಳೆ. ಅದೇ ಹೊತ್ತಿಗೆ ಬಾಡಿಗೆ ಏರಿಸಿದ ಚೀಟಿ ಬರುತ್ತದೆ. ಕೊಡಲಾಗದಿದ್ದರೆ ಖಾಲಿ ಮಾಡು ಎನ್ನುತ್ತಾರೆ. 1915ರಲ್ಲಿ ಊರಿನ ಪೂರ್ವದ ಷೆಟಲ್‌ಸ್ಟನ್‌ನಲ್ಲಿ ಒಬ್ಬ ಸೈನಿಕನ ಸಂಸಾರವನ್ನು ಸ್ವಲ್ಪ ಬಾಕಿಗಾಗಿ ಹೊರಹಾಕಲು ಬಂದಾಗ ನೂರಾರು ಜನ ಬಾಗಿಲಿಗೆ ಅಡ್ಡ ನಿಂತರು. ಫ್ಯಾಕ್ಟರ್‌ನ ಪ್ರತಿಕೃತಿ ಮಾಡಿ ಸುಟ್ಟರು.

ಮೇರಿ ಬಾರ್ಬರ್ ಮತ್ತು ಜೊತೆಗಾರ್ತಿಯರು

ಮೇರಿ ಹುಟ್ಟಿದ್ದು 1875ರಲ್ಲಿ, ಗ್ಲಾಸ್ಗೋ ಪಶ್ಚಿಮಕ್ಕಿರುವ ಕಿಲ್‌ಬಾರ್ಕನ್ ಎಂಬ ನೇಕಾರರ ಹಳ್ಳಿಯಲ್ಲಿ. ತಂದೆ ಜಮಖಾನ ನೇಯುವವರು. ಏಳು ಮಕ್ಕಳಲ್ಲಿ ಈಕೆ ಮೂರನೆಯವಳು. ಹುಡುಗಿಯಾಗಿದ್ದಾಗ ನೂಲು ಹುರಿ ಮಾಡುವ ಕೆಲಸ, ಆಮೇಲೆ ಜಮಖಾನಕ್ಕೆ ಬಣ್ಣ ಅಚ್ಚು ಹಾಕುವ ಕೆಲಸ. 1896ರಲ್ಲಿ ಡೇವಿಡ್ ಬಾರ್ಬರ್ ಎಂಬ ಎಂಜಿನಿಯರಿಂಗ್ ಕೆಲಸಗಾರನನ್ನು ಮದುವೆಯಾಗಿ ಮುಂದೆ ಗೋವನ್‌ಗೆ ಬಂದರು. ಮೊದಲ ಮಗು ಎಳೆತನದಲ್ಲೇ ತೀರಿಕೊಂಡಿತು. ಆ ಕಾಲದ ವಠಾರಗಳಲ್ಲಿ ಇಂಥ ನೋವು ಕಾಣದ ಮನೆ ಕಡಿಮೆ.

ಮೇರಿ ರಾಜಕೀಯ ಕಲಿತದ್ದು ಸಹಕಾರ ಸಂಘದಲ್ಲಿ. ಸಹಕಾರ ಸಂಘ ಎಂದರೆ ಜನರೇ ಪಾಲು ಹಾಕಿ ನಡೆಸುವ ದಿನಸಿ ಅಂಗಡಿ, ನಮ್ಮ ಸೊಸೈಟಿಗಳ ಹಾಗೆ. ಅದರ ಮಹಿಳಾ ಶಾಖೆಯಲ್ಲಿ ಹೆಂಗಸರು ವಾರವಾರ ಸೇರುತ್ತಿದ್ದರು. ಅಲ್ಲಿ ಲೆಕ್ಕ ಬರೆಯುವುದು, ಸಭೆ ನಡೆಸುವುದು, ಎದ್ದು ನಿಂತು ಮಾತಾಡುವುದು ಎಲ್ಲ ಅಭ್ಯಾಸವಾಯಿತು.

1914ರಲ್ಲಿ ಗ್ಲಾಸ್ಗೋ ಮಹಿಳಾ ವಸತಿ ಸಂಘ ಹುಟ್ಟಿತು. ಅದರ ಅಧ್ಯಕ್ಷೆ ಮೇರಿ ಲೇರ್ಡ್. ಹೆಲೆನ್ ಕ್ರಾಫರ್ಡ್, ಆಗ್ನೆಸ್ ಡೋಲನ್ ಮುಂದಾಳುಗಳು. ಕ್ರಾಫರ್ಡ್ ಮಹಿಳೆಯರ ಮತದಾನದ ಹಕ್ಕಿಗಾಗಿ ಜೈಲಿಗೆ ಹೋಗಿ ಉಪವಾಸ ಮಾಡಿದ್ದವರು. ಗೋವನ್‌ನಲ್ಲಿ ಸಂಘ ಕಟ್ಟಿದ್ದು ಮೇರಿ ಬಾರ್ಬರ್. ಇವರ ಹಿಂದೆ ಸ್ವತಂತ್ರ ಕಾರ್ಮಿಕ ಪಕ್ಷದ ಆಂಡ್ರ್ಯೂ ಮೆಕ್‌ಬ್ರೈಡ್, ಜಾನ್ ವೀಟ್ಲಿ ಇದ್ದರು. ವೀಟ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಸ್ಕಾಟ್‌ಲೆಂಡಿನ ಕಲ್ಲಿದ್ದಲ ಗಣಿಯಲ್ಲಿ ದುಡಿದು, ನಗರಸಭಾ ಸದಸ್ಯರಾದವರು. ವರ್ಷಕ್ಕೆ 8 ಪೌಂಡ್ ಬಾಡಿಗೆಗೆ ನಗರಸಭೆಯೇ ಮನೆ ಕಟ್ಟಿಸಿ ಕೊಡಬಹುದು ಎಂದು ಯುದ್ಧಕ್ಕೆ ಮುಂಚೆಯೇ ಲೆಕ್ಕ ಸಮೇತ ತೋರಿಸಿದ್ದರು.

ಹಾಗಾಗಿ ಇದು ಒಂದು ದಿನ ಬೆಳಿಗ್ಗೆ ಸಿಟ್ಟು ಬಂದು ಬೀದಿಗಿಳಿದ ಕಥೆಯಲ್ಲ. ಬಾಡಿಗೆ ಏರುವ ಹೊತ್ತಿಗೆ ಸಂಘಗಳು ಸಿದ್ಧವಾಗಿದ್ದವು.

ಗಂಟೆ, ಹಿಟ್ಟು ಮತ್ತು ಕಿಟಕಿಯ ಕಾಗದ

ಮುಷ್ಕರ ಎಂದರೆ ಸಾಮಾನ್ಯವಾಗಿ ಕೆಲಸ ನಿಲ್ಲಿಸುವುದು. ಬಾಡಿಗೆ ಮುಷ್ಕರ ಎಂದರೆ ಬಾಡಿಗೆ ನಿಲ್ಲಿಸುವುದು. 1915ರ ವಸಂತದಲ್ಲಿ ಗೋವನ್‌ನಲ್ಲಿ ಇದು ಶುರುವಾಯಿತು. ಹಳೆಯ ಬಾಡಿಗೆ ಕೊಡಲು ನಾವು ತಯಾರು, ಏರಿಸಿದ್ದನ್ನು ಕೊಡುವುದಿಲ್ಲ ಎಂಬುದು ಅವರ ಮಾತು. ಈ ಬಾಡಿಗೆದಾರರು ಸಾಲಗಳ್ಳರು ಎಂದು ಯಾರೂ ಹೇಳಲಾಗದಂತೆ ಆಯಿತು.

ಒಂದು ಮನೆಯವರು ಮಾತ್ರ ಕೊಡದಿದ್ದರೆ ಅವರನ್ನು ಹೊರಹಾಕುವುದು ಸುಲಭ. ಬೀದಿಗೆ ಬೀದಿಯೇ ಕೊಡದಿದ್ದರೆ? ಆಗ ಫ್ಯಾಕ್ಟರ್ ಪ್ರತಿ ಮನೆಗೂ ಕೋರ್ಟಿನಿಂದ ಆದೇಶ ತರಬೇಕು. ಆದೇಶ ತಂದರೆ ಸಾಲದು. ಷೆರಿಫ್ ಆಫೀಸರ್, ಅಂದರೆ ನಮ್ಮ ಕೋರ್ಟಿನ ಅಮೀನನಂಥ ನೌಕರ, ಆ ಬಾಗಿಲಿಗೇ ಬಂದು, ಒಳಗೆ ಹೋಗಿ, ಸಾಮಾನುಗಳನ್ನು ಹೊರಗೆ ಹಾಕಬೇಕು. ಕಾಗದದ ಮೇಲೆ ಕಾನೂನು ಎಷ್ಟೇ ಬಲವಾಗಿರಲಿ, ಕೊನೆಗೆ ಒಬ್ಬ ಮನುಷ್ಯ ಆ ಇಕ್ಕಟ್ಟಾದ ಕ್ಲೋಸ್ ದಾಟಿ ಮೆಟ್ಟಿಲು ಹತ್ತಲೇಬೇಕು. ಇಡೀ ಹೋರಾಟದ ಗುಟ್ಟು ಇಲ್ಲೇ ಇದೆ. ಹೆಂಗಸರು ಆ ಹಾದಿಯನ್ನು ಹಿಡಿದರು.

ಹಗಲು ಗಂಡಸರು ಹಡಗುಕಟ್ಟೆಯಲ್ಲಿ. ಅಮೀನರು ಬರುವುದೂ ಹಗಲಲ್ಲೇ. ಮನೆಯಲ್ಲಿರುವವರು ಹೆಂಗಸರು. ಅವರು ಸರದಿಯ ಮೇಲೆ ಕ್ಲೋಸ್ ಬಾಗಿಲಲ್ಲಿ ಕಾವಲು ಕೂರುತ್ತಿದ್ದರು. ಕೈಯಲ್ಲಿ ಒಂದು ಗಂಟೆ. ಷೆರಿಫ್ ಆಫೀಸರ್ ಬೀದಿಯಲ್ಲಿ ಕಂಡ ಕೂಡಲೇ ಗಂಟೆ ಬಾರಿಸುವುದು. ಅಷ್ಟರಲ್ಲಿ ಯಾರು ಏನು ಮಾಡುತ್ತಿದ್ದರೋ ಅದನ್ನು ಅಲ್ಲೇ ಬಿಟ್ಟು, ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಓಡಿ ಬರುತ್ತಿದ್ದರು. ಅಡುಗೆ ಮಾಡುತ್ತಿದ್ದವರ ಕೈಯಲ್ಲಿ ಹಿಟ್ಟು, ಬಟ್ಟೆ ಒಗೆಯುತ್ತಿದ್ದವರ ಕೈಯಲ್ಲಿ ಒದ್ದೆ ಬಟ್ಟೆ. ಹಿಟ್ಟಿನ ಪೊಟ್ಟಣಗಳು ಅಮೀನನ ಕೋಟಿನ ಮೇಲೆ ಬೀಳುತ್ತಿದ್ದವು. ಮೆಟ್ಟಿಲ ತುಂಬ ಹೆಂಗಸರು, ಮಕ್ಕಳು. ಆತ ಬಂದ ದಾರಿಯಲ್ಲೇ ವಾಪಸು ಹೋಗಬೇಕಾಗುತ್ತಿತ್ತು.

ಸಭೆಗಳು ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಕ್ಲೋಸ್‌ನಲ್ಲಿ ನಡೆಯುತ್ತಿದ್ದವು. ಒಗೆಯುವ ಮನೆಯ ಸರದಿಗೆ ಇದ್ದ ಒಡನಾಟವೇ ಕಾವಲಿನ ಸರದಿಗೂ ಆಯಿತು. ಕಿಟಕಿಗಳಲ್ಲಿ ಅಚ್ಚು ಹಾಕಿದ ಕಾಗದ ಅಂಟಿಸಿದರು. ಬಾಡಿಗೆ ಏರಿಕೆಯ ವಿರುದ್ಧ ಮುಷ್ಕರ, ನಾವು ಖಾಲಿ ಮಾಡುವುದಿಲ್ಲ ಎಂದು ಅದರಲ್ಲಿತ್ತು. ಸುಮ್ನೆ ಒಂದು ಕಾಗದ ಎನಿಸಬಹುದು. ಆದರೆ ಅದನ್ನು ನೋಡಿದರೆ ಪಕ್ಕದ ಮನೆಯವರೂ ತಮ್ಮ ಜೊತೆಗಿದ್ದಾರೆ ಎಂದು ಹೆದರುವವರಿಗೂ ಗೊತ್ತಾಗುತ್ತಿತ್ತು. ಬಾಡಿಗೆದಾರರ ದೊಡ್ಡ ಭಯ ಒಬ್ಬಂಟಿಯಾಗುವುದು, ಅಲ್ವಾ?

ಫ್ಯಾಕ್ಟರ್‌ಗಳಿಗೂ ಅದು ಗೊತ್ತಿತ್ತು. ಹೆಲೆನ್ ಕ್ರಾಫರ್ಡ್ ನೆನಪಿಸಿಕೊಂಡ ಒಂದು ಪ್ರಸಂಗವಿದೆ. ಒಬ್ಬ ಫ್ಯಾಕ್ಟರ್ ಗೋವನ್‌ನ ಒಬ್ಬ ಹೆಂಗಸಿನ ಬಳಿ ಹೋಗಿ, ಉಳಿದವರೆಲ್ಲ ಏರಿಸಿದ ಬಾಡಿಗೆ ಕೊಟ್ಟಾಯಿತು ಎಂದು ಸುಳ್ಳು ಹೇಳಿ ಹಣ ಪಡೆದ. ವಿಷಯ ಗೊತ್ತಾದ ಮೇಲೆ ಮೇರಿ ಬಾರ್ಬರ್ ಹಡಗುಕಟ್ಟೆಯ ಗಂಡಸರನ್ನು ಹೊರಗೆ ಕರೆದು ಸೀದಾ ಫ್ಯಾಕ್ಟರ್‌ನ ಆಫೀಸಿಗೆ ಕರೆದೊಯ್ದರು. ಮಸಿ ಮೆತ್ತಿದ ಮುಖದ ಸಾವಿರಾರು ಕೆಲಸಗಾರರು ಬೀದಿ ತುಂಬ ನಿಂತದ್ದನ್ನು ನೋಡಿ ಆತ ಹಣ ವಾಪಸು ಕೊಟ್ಟ. ಈ ಹೆಂಗಸರ ಪಡೆಯನ್ನು ಕಾರ್ಮಿಕ ಮುಖಂಡ ವಿಲ್ಲಿ ಗ್ಯಾಲಹರ್ ಮಿಸೆಸ್ ಬಾರ್ಬರ್ ಸೈನ್ಯ ಎಂದು ಕರೆದರು. ಆ ಹೆಸರು ಇಂದಿಗೂ ಉಳಿದಿದೆ.

ಮುಷ್ಕರ ಗೋವನ್‌ನಿಂದ ಪಾರ್ಟಿಕ್‌ಗೆ, ಪಾರ್ಕ್‌ಹೆಡ್‌ಗೆ, ಊರಿನ ಇತರ ಭಾಗಗಳಿಗೆ ಹರಡಿತು. ಅಕ್ಟೋಬರ್‌ನಲ್ಲಿ ಹೆಂಗಸರು ಮಕ್ಕಳೊಂದಿಗೆ ನಗರಸಭೆಯ ಕಟ್ಟಡಕ್ಕೆ ಮೆರವಣಿಗೆ ಹೋದರು. ಅವರ ಕೈಯಲ್ಲಿದ್ದ ಫಲಕಗಳ ಫೋಟೋಗಳು ಇವತ್ತಿಗೂ ಇವೆ. ನಮ್ಮ ಗಂಡಂದಿರು, ಮಕ್ಕಳು, ಅಣ್ಣತಮ್ಮಂದಿರು ಜರ್ಮನಿಯ ಪ್ರಷ್ಯನ್ನರೊಂದಿಗೆ ಹೋರಾಡುತ್ತಿದ್ದಾರೆ, ನಾವು ಪಾರ್ಟಿಕ್‌ನ ಪ್ರಷ್ಯನ್ನರೊಂದಿಗೆ ಹೋರಾಡುತ್ತಿದ್ದೇವೆ ಎಂದು ಒಂದರಲ್ಲಿದೆ. ಪ್ರಷ್ಯಾ ಎಂದರೆ ಜರ್ಮನಿಯ ಬಲಿಷ್ಠ ರಾಜ್ಯ. ಆಗ ಬ್ರಿಟನ್ನಿನಲ್ಲಿ ಆ ಮಾತು ದಬ್ಬಾಳಿಕೆಗೆ ಇನ್ನೊಂದು ಹೆಸರಾಗಿತ್ತು. ಊರಿನ ಮಾಲೀಕರನ್ನು ಆ ಹೆಸರಿನಿಂದ ಕರೆದ ಮೇಲೆ ಈ ಹೆಂಗಸರನ್ನು ದೇಶದ್ರೋಹಿಗಳು ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಚಳಿಗಾಲದ ಹೊತ್ತಿಗೆ ಸುಮಾರು 20,000 ಮನೆಗಳು ಮುಷ್ಕರದಲ್ಲಿದ್ದವು.

ನವೆಂಬರ್ 17: ಕೋರ್ಟಿನ ಮುಂದೆ

ಅಷ್ಟರಲ್ಲಿ ಸ್ಕಾಟ್‌ಲೆಂಡಿನ ಮಂತ್ರಿ ಮೆಕಿನನ್ ವುಡ್ ಒಂದು ವಿಚಾರಣಾ ಸಮಿತಿ ನೇಮಿಸಿದ್ದರು. ಸಮಿತಿ ವರದಿ ಮಾಡುವವರೆಗೆ ಕಾಯದೆ ಪಾರ್ಟಿಕ್‌ನ ಒಬ್ಬ ಫ್ಯಾಕ್ಟರ್ ಬೇರೆ ದಾರಿ ಹಿಡಿದ. ಮನೆಗೆ ನುಗ್ಗಿ ಬಿಡಿಸಲು ಆಗುವುದಿಲ್ಲ ಎಂದು ಗೊತ್ತಾಗಿತ್ತು. ಹಾಗಾಗಿ 18 ಬಾಡಿಗೆದಾರರ ಮೇಲೆ ಸಣ್ಣ ಸಾಲಗಳ ಕೋರ್ಟಿನಲ್ಲಿ ದಾವೆ ಹಾಕಿದ. ಅಲ್ಲಿ ತೀರ್ಪು ಸಿಕ್ಕಿದರೆ ಬಾಕಿಯನ್ನು ಕೆಲಸಗಾರನ ಸಂಬಳದಿಂದಲೇ ಮುರಿದುಕೊಳ್ಳಬಹುದು. ಮನೆಬಾಗಿಲಿಗೆ ಬರುವ ಅಗತ್ಯವೇ ಇಲ್ಲ.

ಜಾಣ ಉಪಾಯ. ಆದರೆ ಅದು ತಿರುಗಿ ಬಿತ್ತು. ಅಲ್ಲಿಯವರೆಗೆ ಜಗಳ ಇದ್ದದ್ದು ಹೆಂಗಸರ ಮನೆಬಾಗಿಲಲ್ಲಿ. ಈಗ ಅದು ಗಂಡಸರ ಸಂಬಳದ ಚೀಟಿಗೆ ಬಂತು. ಬಾಗಿಲಲ್ಲಿ ನಿಲ್ಲುವುದರಿಂದ ಇದನ್ನು ತಡೆಯಲು ಆಗುತ್ತಿರಲಿಲ್ಲ, ಕಾರ್ಖಾನೆ ನಿಲ್ಲಿಸುವುದರಿಂದ ಆಗುತ್ತಿತ್ತು.

1915ರ ನವೆಂಬರ್ 17, ವಿಚಾರಣೆಯ ದಿನ. ಹಡಗುಕಟ್ಟೆ, ಶಸ್ತ್ರಾಸ್ತ್ರ ಕಾರ್ಖಾನೆಗಳ ಕೆಲಸಗಾರರು ಕೆಲಸ ಬಿಟ್ಟು ಹೊರಬಂದು ಹೆಂಗಸರ ಜೊತೆ ಸೇರಿದರು. ಯುದ್ಧಸಾಮಗ್ರಿ ತಯಾರಿಸುವ ಕಡೆ ಮುಷ್ಕರ ಮಾಡುವುದು ಅದೇ ವರ್ಷದ ಜುಲೈನಿಂದ ಕಾನೂನಿನ ಪ್ರಕಾರ ಅಪರಾಧ. ಆದರೂ ಬಂದರು. ಹತ್ತು ಸಾವಿರಕ್ಕೂ ಜಾಸ್ತಿ ಜನ ಕೋರ್ಟಿನ ಸುತ್ತಲಿನ ಬೀದಿಗಳನ್ನು ತುಂಬಿದರು. ಜಾನ್ ಮೆಕ್ಲೇನ್ ಎಂಬ ಶಾಲಾ ಮಾಸ್ತರರು ಅಲ್ಲಿ ಮಾತಾಡಿದರು. ಗೋವನ್ ಸುತ್ತಮುತ್ತ ಕೆಲಸಗಾರರಿಗೆ ಸಂಜೆ ತರಗತಿ ನಡೆಸುತ್ತಿದ್ದ ಇವರು, ಯುದ್ಧದ ವಿರುದ್ಧ ಮಾತಾಡಿದ ಕಾರಣಕ್ಕೆ ಆಗಷ್ಟೇ ಕೆಲಸ ಕಳೆದುಕೊಂಡಿದ್ದರು. ಈ 18 ಜನರ ಮೇಲಿನ ದಾವೆ ಬಿಡದಿದ್ದರೆ ಕ್ಲೈಡ್‌ನಲ್ಲಿ ಕೆಲಸ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಅರ್ಥವಾಯಿತು.

ಒಳಗಿದ್ದ ನ್ಯಾಯಾಧೀಶರು ಷೆರಿಫ್ ಲೀ. ಲಂಡನ್ನಿನಲ್ಲಿದ್ದ ಶಸ್ತ್ರಾಸ್ತ್ರ ಮಂತ್ರಿ ಲಾಯ್ಡ್ ಜಾರ್ಜ್‌ಗೆ ಆ ದಿನ ಕೋರ್ಟಿನಿಂದಲೇ ಫೋನ್ ಹೋಯಿತು ಎಂದು ಗ್ಲಾಸ್ಗೋದಲ್ಲಿ ಹೇಳುತ್ತ ಬಂದಿದ್ದಾರೆ. ಸಂಜೆಯ ಹೊತ್ತಿಗೆ ದಾವೆಗಳನ್ನು ಕೈಬಿಡಲಾಯಿತು.

ಕಾಯ್ದೆಯಲ್ಲಿ ಏನಿತ್ತು?

ಅದಾದ ಮೇಲೆ ಪಾರ್ಲಿಮೆಂಟು ತಡ ಮಾಡಲಿಲ್ಲ. ನವೆಂಬರ್ ಮುಗಿಯುವ ಮೊದಲೇ ಮಸೂದೆ ಬಂತು. ಡಿಸೆಂಬರ್ 23ಕ್ಕೆ ದೊರೆಯ ಒಪ್ಪಿಗೆ ಸಿಕ್ಕಿತು. ಕೋರ್ಟಿನ ಮುಂದೆ ಜನ ನಿಂತ ದಿನದಿಂದ ಐದು ವಾರ ಕಳೆದಿತ್ತು, ಅಷ್ಟೇ.

ಮುಖ್ಯವಾಗಿ ಮೂರು ಮಾತು. ಒಂದು, ಬಾಡಿಗೆ 1914ರ ಆಗಸ್ಟ್ 3ರಂದು, ಅಂದರೆ ಯುದ್ಧದ ಹಿಂದಿನ ದಿನ ಎಷ್ಟಿತ್ತೋ ಅಷ್ಟೇ ಇರಬೇಕು. ಎರಡು, ಆ ಬಾಡಿಗೆ ಕೊಡುತ್ತಿರುವವರನ್ನು ಸುಮ್ಮನೆ ಹೊರಹಾಕುವಂತಿಲ್ಲ. ಮೂರು, ಆ ಮನೆಗಳ ಮೇಲಿನ ಸಾಲದ ಬಡ್ಡಿಯನ್ನೂ ಏರಿಸುವಂತಿಲ್ಲ. ಮಾಲೀಕನಿಗೆ ಬಡ್ಡಿ ಏರದಿದ್ದರೆ ಬಾಡಿಗೆ ಏರಿಸಲು ಅವನ ಕಾರಣವೂ ಹೋಯಿತು. ಕಾಯ್ದೆಯ ಹೆಸರಿನಲ್ಲೇ ಬಾಡಿಗೆ ಮತ್ತು ಸಾಲದ ಬಡ್ಡಿ ಎರಡೂ ಇದ್ದವು.

ಇದು ಎಲ್ಲ ಮನೆಗಳಿಗೂ ಅಲ್ಲ. ಸ್ಕಾಟ್‌ಲೆಂಡಿನಲ್ಲಿ ವರ್ಷಕ್ಕೆ 30 ಪೌಂಡ್, ಲಂಡನ್ನಿನಲ್ಲಿ 35, ಉಳಿದ ಕಡೆ 26 ಪೌಂಡ್‌ವರೆಗಿನ ಮನೆಗಳಿಗೆ ಮಾತ್ರ. ಕೆಲಸಗಾರರ ಮನೆಗಳೆಲ್ಲ ಹೆಚ್ಚುಕಮ್ಮಿ ಈ ಮಿತಿಯೊಳಗೆ ಬಂದವು. ಯುದ್ಧ ಮುಗಿದು ಆರು ತಿಂಗಳವರೆಗೆ ಮಾತ್ರ ಈ ಕಾಯ್ದೆ ಎಂದು ಬರೆದಿದ್ದರು.

ಸರ್ಕಾರ ಇಷ್ಟು ಬೇಗ ಮಣಿದದ್ದು ಯಾಕೆ?

ಮೊದಲನೆಯದಾಗಿ ಯುದ್ಧ. ಶಾಂತಿಕಾಲದಲ್ಲಿ ಹಡಗುಕಟ್ಟೆ ಒಂದು ವಾರ ನಿಂತರೆ ನಷ್ಟ ಮಾಲೀಕನದು. 1915ರಲ್ಲಿ ನಿಂತರೆ ನಷ್ಟ ನೌಕಾಪಡೆಯದು. ಅಲ್ಲದೆ ಇನ್ನೊಂದು ವಿಚಿತ್ರ ಹೊಂದಾಣಿಕೆ ಆಯಿತು. ಕಾರ್ಖಾನೆಯ ಒಡೆಯರಿಗೂ ಏರುವ ಬಾಡಿಗೆ ಬೇಡವಾಗಿತ್ತು. ಬಾಡಿಗೆ ಏರಿದರೆ ಕೆಲಸಗಾರರು ಸಂಬಳ ಜಾಸ್ತಿ ಕೇಳುತ್ತಾರೆ. ಹೀಗೆ ಮನೆ ಮಾಲೀಕರು ಒಂಟಿಯಾದರು. ಡಂಡಿ, ಬರ್ಮಿಂಗ್‌ಹ್ಯಾಮ್, ಲಂಡನ್ನಿನ ವುಲ್ವಿಚ್‌ಗಳಲ್ಲೂ ಬಾಡಿಗೆಯ ಗಲಾಟೆ ಏಳುತ್ತಿತ್ತು. ಅದೂ ಸರ್ಕಾರಕ್ಕೆ ಅವಸರ ತಂದಿತು.

ಇಷ್ಟೆಲ್ಲ ಇದ್ದರೂ, ಕೋರ್ಟಿನ ಮುಂದೆ ಗಂಡಸರು ನಿಂತ ಒಂದು ದಿನವನ್ನೇ ಕೆಲವರು ಕಥೆಯ ಪೂರ್ತಿ ಮಾಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಅದಕ್ಕೆ ಮುಂಚಿನ ಆರು ತಿಂಗಳು ಹೆಂಗಸರು ಪ್ರತಿದಿನ ಬಾಗಿಲು ಕಾಯದಿದ್ದರೆ ಫ್ಯಾಕ್ಟರ್ ಕೋರ್ಟಿಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ಒಬ್ಬೊಬ್ಬರನ್ನಾಗಿ ಹೊರಹಾಕಿ ಮುಗಿಸಿರುತ್ತಿದ್ದ.

ಕಾಯ್ದೆ ಬಂದರೂ ಊರು ತಣ್ಣಗಾಗಲಿಲ್ಲ. ಎರಡೇ ದಿನ ಕಳೆದು ಕ್ರಿಸ್‌ಮಸ್ ದಿನ ಲಾಯ್ಡ್ ಜಾರ್ಜ್ ಗ್ಲಾಸ್ಗೋಗೆ ಬಂದು ಕೆಲಸಗಾರರ ಮುಂದೆ ಮಾತಾಡಲು ನಿಂತಾಗ ಸಭಿಕರು ಕೂಗಿ ಮಾತು ನಿಲ್ಲಿಸಿದರು. ಅದನ್ನು ಇದ್ದದ್ದು ಇದ್ದಂತೆ ಬರೆದ ಫಾರ್ವರ್ಡ್ ಎಂಬ ವಾರಪತ್ರಿಕೆಯನ್ನು ಸರ್ಕಾರ ಕೆಲವು ವಾರ ಮುಚ್ಚಿಸಿತು.

ಆಮೇಲೆ

ಯುದ್ಧ ಮುಗಿದು ಆರು ತಿಂಗಳಿಗೆ ಮುಗಿಯಬೇಕಿದ್ದ ಬಾಡಿಗೆ ನಿಯಂತ್ರಣ ಮುಗಿಯಲಿಲ್ಲ. ಮನೆಯ ಕೊರತೆ ಹಾಗೇ ಇತ್ತು. ಒಂದಲ್ಲ ಒಂದು ರೂಪದಲ್ಲಿ ಅದು ಸ್ಕಾಟ್‌ಲೆಂಡಿನಲ್ಲಿ 1989ರವರೆಗೆ ಮುಂದುವರಿಯಿತು. ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಬಾಡಿಗೆ ಏರದ ಕಟ್ಟಡಕ್ಕೆ ಹಣ ಹಾಕಲು ಮಾಲೀಕರು ಮನಸ್ಸು ಮಾಡಲಿಲ್ಲ, ಎಷ್ಟೋ ಟೆನೆಮೆಂಟುಗಳು ರಿಪೇರಿ ಇಲ್ಲದೆ ಹಾಳಾದವು.

ಖಾಸಗಿಯವರು ಕಟ್ಟದಿದ್ದರೆ ಬಡವರಿಗೆ ಮನೆ ಕಟ್ಟುವವರು ಯಾರು? 1917ರಲ್ಲಿ ವಸತಿಯ ಬಗ್ಗೆ ವರದಿ ಕೊಟ್ಟ ರಾಯಲ್ ಕಮಿಷನ್, ಸರ್ಕಾರವೇ ಕಟ್ಟಬೇಕು ಎಂದಿತು. 1922ರ ಚುನಾವಣೆಯಲ್ಲಿ ಗ್ಲಾಸ್ಗೋದ 15 ಸ್ಥಾನಗಳಲ್ಲಿ 10 ಲೇಬರ್ ಪಕ್ಷದ ಪಾಲಾದವು. ಗೆದ್ದವರಲ್ಲಿ ಜಾನ್ ವೀಟ್ಲಿ ಒಬ್ಬರು. 1924ರಲ್ಲಿ ಬ್ರಿಟನ್ನಿನ ಮೊದಲ ಲೇಬರ್ ಸರ್ಕಾರದಲ್ಲಿ ಅವರು ಆರೋಗ್ಯ ಮಂತ್ರಿಯಾಗಿ, ನಗರಸಭೆಗಳು ಬಾಡಿಗೆಗೆ ಮನೆ ಕಟ್ಟಲು ಸಹಾಯಧನ ಕೊಡುವ ಕಾಯ್ದೆ ತಂದರು. ಅದರಿಂದ ಸುಮಾರು ಐದು ಲಕ್ಷ ಮನೆಗಳು ಎದ್ದವು.

1915ರ ಬಾಡಿಗೆ ಕಾಯ್ದೆಯ ನೆರಳು ನಮ್ಮ ದೇಶಕ್ಕೂ ಬಂತು. 1918ರಲ್ಲಿ ಬಾಂಬೆ ಪ್ರಾಂತ್ಯದ ಸರ್ಕಾರ ಯುದ್ಧಕಾಲದ ಬಾಡಿಗೆ ನಿರ್ಬಂಧ ಕಾಯ್ದೆ ಮಾಡಿತು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಅದೇ ಪ್ರಾಂತ್ಯದಲ್ಲಿದ್ದವು. ಬ್ರಿಟನ್ನಿನ 1915ರ ಕಾಯ್ದೆಯ ಹೆಸರಿನಲ್ಲಿದ್ದ ಯುದ್ಧಕಾಲದ ನಿರ್ಬಂಧ ಎಂಬ ಮಾತು ಇದರ ಹೆಸರಿನಲ್ಲೂ ಇತ್ತು.

ಮೇರಿ ಬಾರ್ಬರ್ 1920ರಲ್ಲಿ ಗೋವನ್‌ನ ಫೇರ್‌ಫೀಲ್ಡ್ ವಾರ್ಡಿನಿಂದ ಗ್ಲಾಸ್ಗೋ ನಗರಸಭೆಗೆ ಆರಿಸಿ ಬಂದರು. ಆ ಊರಿನ ಮೊದಲ ಮಹಿಳಾ ಸದಸ್ಯರಲ್ಲಿ ಅವರೂ ಒಬ್ಬರು. ಅಲ್ಲಿಯೂ ಅವರು ಹಿಡಿದದ್ದು ಅಡುಗೆಮನೆಯ, ಹಿತ್ತಲ ವಿಷಯಗಳನ್ನೇ. ಮಕ್ಕಳಿಗೆ ಹಾಲು, ಬಟ್ಟೆ ಒಗೆಯುವ ಮನೆಗಳು, ಸ್ನಾನಗೃಹಗಳು, ಆಟದ ಜಾಗ. ಗ್ಲಾಸ್ಗೋದ ಮೊದಲ ಕುಟುಂಬ ಯೋಜನೆ ಚಿಕಿತ್ಸಾಲಯದ ಅಧ್ಯಕ್ಷೆಯಾಗಿ ಬೈಗುಳ ಕೇಳಿಸಿಕೊಂಡೂ ಅದನ್ನು ನಡೆಸಿದರು. 1958ರಲ್ಲಿ ತೀರಿಕೊಂಡರು.

ಅದಾದ ಮೇಲೆ ಬಹಳ ವರ್ಷ ಗ್ಲಾಸ್ಗೋದಲ್ಲಿ ಅವರ ಗುರುತಿಗೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. 2018ರ ಮಾರ್ಚ್ 8ರಂದು, ಮಹಿಳಾ ದಿನ, ಗೋವನ್‌ನ ನಡುಮಧ್ಯೆ ಅವರ ಕಂಚಿನ ಪ್ರತಿಮೆ ನಿಂತಿತು. ಎತ್ತರದ ಪೀಠದ ಮೇಲೆ ಒಬ್ಬರೇ ನಿಂತ ಪ್ರತಿಮೆಯಲ್ಲ ಅದು. ಮೇರಿ ಮುಂದೆ ನಡೆಯುತ್ತಿದ್ದಾರೆ, ಹಿಂದೆ ಗಂಡಸರು, ಹೆಂಗಸರು, ಮಕ್ಕಳು ಸಾಲಾಗಿ ಬರುತ್ತಿದ್ದಾರೆ.